ಸರದಿಯ ಮೇಲೆ ಒಂದು ಪರದೆ



ಔಷಧಿ ಹೊಡೆಯೋ ಪಂಪು ಮನೆಗೊಂದು ಯಾಕೆ? ಸಂಘದ್ದು ಒಂದಿದ್ದರೆ ಸರದಿಯ ಮೇಲೆ ಎಲ್ಲರಿಗೂ ಆಗುತ್ತದೆ. ಕಂಪ್ಯೂಟರ್ ಲೋಕವೂ ಈ ಪಾಠವನ್ನು ಎರಡು ಸಲ ಕಲಿತಿದೆ.

ಮೊದಲು ಕಂಪ್ಯೂಟರೇ ದುಬಾರಿ. 1961ರಲ್ಲಿ ಅಮೆರಿಕದ ಎಂ.ಐ.ಟಿ. ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಒಂದೇ ಯಂತ್ರದ ಸಮಯವನ್ನು ಹಲವರಿಗೆ ಹಂಚಿ ತೋರಿಸಿದರು. ಮುಂದೆ ಯಂತ್ರಗಳು ಅಗ್ಗವಾದವು. 1990ರ ದಶಕದಲ್ಲಿ ದೊಡ್ಡ ಕಚೇರಿಗಳ ಒಂದೊಂದು ಕೋಣೆಯಲ್ಲೇ ಹತ್ತಾರು ಸೇರಿದವು. ಅವು ಹಗಲಿರುಳು ತಮ್ಮಷ್ಟಕ್ಕೆ ದುಡಿಯುತ್ತವೆ. ಪರದೆ, ಕೀಬೋರ್ಡ್ ಬೇಕಾಗುವುದು ಯಾವಾಗಲೋ ಒಮ್ಮೆ. ಪ್ರತಿಯೊಂದಕ್ಕೂ ಬೇರೆ ಪರದೆ ಇಟ್ಟರೆ ಜಾಗ, ದುಡ್ಡು, ಕರೆಂಟು ಮೂರೂ ದಂಡ.

ಅದಕ್ಕೇ ಬಂತು ಕೆ.ವಿ.ಎಂ. ಸ್ವಿಚ್. ಕೀಬೋರ್ಡ್, ವಿಡಿಯೋ, ಮೌಸ್ ಇವುಗಳ ಮೊದಲಕ್ಷರವೇ ಅದರ ಹೆಸರು. ಹಳೆಯ ಪೆಟ್ಟಿಗೆಗಳಲ್ಲಿ ಕೈಯಿಂದಲೇ ಸ್ವಿಚ್ ತಿರುಗಿಸಬೇಕಿತ್ತು. ಆದರೆ ಸರದಿ ತಪ್ಪಿದ ಕಂಪ್ಯೂಟರ್ ಚಾಲೂ ಆಗುವಾಗ ಕೀಬೋರ್ಡ್ ಕಾಣದೆ ಅರ್ಧಕ್ಕೇ ನಿಂತುಬಿಡುತ್ತಿತ್ತು. ನಂತರದ ಎಲೆಕ್ಟ್ರಾನಿಕ್ ಪೆಟ್ಟಿಗೆಗಳು ‘ಕೀಬೋರ್ಡ್ ಇದೆ’ ಎಂಬ ಸಂಕೇತವನ್ನು ಎಲ್ಲ ಯಂತ್ರಗಳಿಗೂ ಕೊಡುತ್ತಾ ಈ ತೊಂದರೆ ನೀಗಿಸಿದವು.

ಆದರೂ ಒಂದು ಅಪಾಯ ಉಳಿಯಿತು. ನಾನು ದುಡಿಯುತ್ತಿದ್ದ ಕಚೇರಿಯಲ್ಲಿ ಒಮ್ಮೆ, ಪರದೆಯ ಮೇಲಿರುವುದು ಯಾವ ಯಂತ್ರ ಅಂತ ನೋಡದೆ, ಸಂಬಳದ ಲೆಕ್ಕದ ಕಂಪ್ಯೂಟರನ್ನೇ ಬಂದ್ ಮಾಡಿಬಿಟ್ಟೆ. ಸರಿಪಡಿಸುವಷ್ಟರಲ್ಲಿ ಬೆಳಗಾಯಿತು. ಅಂದಿನಿಂದ ಒಂದೊಂದು ಯಂತ್ರದ ಪರದೆಗೂ ಒಂದೊಂದು ಬಣ್ಣ, ದೊಡ್ಡಕ್ಷರದ ಹೆಸರು.

ಹಂಚಿಕೊಂಡರೆ ಉಳಿತಾಯ ನಿಜ. ಆದರೆ ಈಗ ಯಾರ ಸರದಿ ಎಂದು ನೋಡಿ ಕೈ ಹಾಕುವ ಎಚ್ಚರವೂ ಬೇಕು. ಇದು ಪಂಪಿಗೂ ಸರಿ, ಪರದೆಗೂ ಸರಿ.