ಐಬುಪ್ರೊಫೆನ್: ಪ್ರತಿಬಿಂಬ ರೂಪಗಳು

ಉರಿಯೂತ ತಗ್ಗಿಸುವ ನೋವುನಿವಾರಕ ಐಬುಪ್ರೊಫೆನ್ ಎರಡು ಪ್ರತಿಬಿಂಬ ರೂಪಗಳ ಸಮಪಾಲು ಮಿಶ್ರಣ. ಮಕ್ತಲ್, ಮಾಗನೂರು ಕಡೆಯ ಮೆಡಿಕಲ್ ಶಾಪಿನಲ್ಲಿ ಮೊಣಕಾಲು ನೋವಿಗೆಂದು ಕೊಳ್ಳುವ 400 ಮಿಲಿಗ್ರಾಂ ಮಾತ್ರೆಯಲ್ಲಿ ಎಸ್-ರೂಪ 200, ಆರ್-ರೂಪ 200. ಅಣುಸೂತ್ರ ಒಂದೇ; ಎಡಗಾಲು ಬಲಗಾಲಿನ ಚಪ್ಪಲಿಗಳಂತೆ ಒಂದರ ಜಾಗಕ್ಕೆ ಇನ್ನೊಂದು ಹೊಂದದು. ನೋವು, ಬಾವು ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್‌ಗಳನ್ನು ತಯಾರಿಸುವ ಸೈಕ್ಲೊಆಕ್ಸಿಜನೇಸ್ ಕಿಣ್ವವನ್ನು ತಡೆಯುವುದು ಮುಖ್ಯವಾಗಿ ಎಸ್-ರೂಪ.

ಹಾಗೆಂದು ಉಳಿದರ್ಧ ಜೊಳ್ಳಲ್ಲ. ಯಕೃತ್ತಿನಲ್ಲಿ ಆರ್-ರೂಪವು ಮೊದಲು ಕೋಎನ್‌ಜೈಮ್-ಎ ಜೊತೆ ಬೆಸೆದುಕೊಳ್ಳುತ್ತದೆ; ಇನ್ನೊಂದು ಕಿಣ್ವ ಅದರ ವಿನ್ಯಾಸವನ್ನು ತಿರುಗಿಸುತ್ತದೆ; ಬೆಸುಗೆ ಕಳಚಿದಾಗ ಎಸ್-ರೂಪ ಹೊರಬರುತ್ತದೆ. ಅರ್ಧಕ್ಕಿಂತ ಹೆಚ್ಚು ಆರ್-ರೂಪ ಹೀಗೆ ಬದಲಾಗುತ್ತದೆ. ಕೋಎನ್‌ಜೈಮ್ ಬೆಸೆಯುವ ಕಿಣ್ವ ಎಸ್-ರೂಪವನ್ನು ಮುಟ್ಟದ ಕಾರಣ ಹಿಮ್ಮುಖ ಬದಲಾವಣೆ ನಡೆಯುವುದಿಲ್ಲವೆಂದೇ ಹೇಳಬಹುದು. ಬೆಸೆದುಕೊಂಡ ಅಣುಗಳಲ್ಲಿ ಕೆಲವು ಕೊಬ್ಬಿನೊಳಗೂ ಸೇರಿಹೋಗಬಲ್ಲವು. ಆದ್ದರಿಂದ ಮಿಶ್ರಣದ ಬಲವನ್ನು ಬರೀ ತೂಕದಿಂದ ಅಳೆಯಲಾಗದು.

ಸ್ಟೀವರ್ಟ್ ಆಡಮ್ಸ್, ಜಾನ್ ನಿಕೋಲ್ಸನ್ ಬೂಟ್ಸ್ ಕಂಪನಿಯಲ್ಲಿ ರೂಪಿಸಿದ ಈ ಔಷಧ 1969ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂತು. ಎಸ್-ರೂಪವಷ್ಟೇ ಇರುವ ಡೆಕ್ಸ್‌ಐಬುಪ್ರೊಫೆನ್ 1994ರಲ್ಲಿ ಆಸ್ಟ್ರಿಯದಲ್ಲಿ ಮಾರುಕಟ್ಟೆಗೆ ಬಂತು. ಇದೇ ಬಗೆಯ ಇನ್ನೊಂದು ನೋವುನಿವಾರಕ ನೆಪ್ರೋಕ್ಸೆನ್ ಮೊದಲಿನಿಂದಲೂ ಎಸ್-ರೂಪದಲ್ಲೇ ಮಾರಾಟವಾಗುತ್ತಿದೆ. ಕೀಟೊಪ್ರೊಫೆನ್ ಇದೇ ಕುಟುಂಬದ್ದಾದರೂ ಮನುಷ್ಯರಲ್ಲಿ ಅದರ ಆರ್-ರೂಪ ತಿರುಗುವುದು ಅಲ್ಪ. ಶುದ್ಧ ರೂಪವೆಂದ ಮಾತ್ರಕ್ಕೆ ಹೊಟ್ಟೆ ಹುಣ್ಣು, ಮೂತ್ರಪಿಂಡದ ಅಪಾಯ ತಪ್ಪುವುದಿಲ್ಲ.