ಕೀಲು ಬಿಚ್ಚಿದರೆ

ಶ್ರೀರಂಗಪಟ್ಟಣದಿಂದ ಪಾಂಡವಪುರ, ಕೆ.ಆರ್. ಪೇಟೆ ಸುತ್ತಿ ನಾಗಮಂಗಲದವರೆಗೆ ಬೋರ್ಡುಗಳನ್ನು ಓದುತ್ತ ಹೋದರೆ ‘ಕೀಲು’ ಎಂಬ ಮಾತು ಕಣ್ಣಿಗೆ ಬೀಳುವುದು ಹೆಚ್ಚಾಗಿ ಒಂದೇ ಕಡೆ: ‘ಮೂಳೆ ಮತ್ತು ಕೀಲು ತಜ್ಞರು’. ಹಾರ್ಡ್‌ವೇರ್ ಅಂಗಡಿಯ ಮುಂದೆ ಅದಿಲ್ಲ. ಅಲ್ಲಿ ಬೋಲ್ಟು, ನಟ್ಟು, ವಾಷರು, ಕ್ಲಾಂಪು, ಹಿಂಜಸ್ಸು. ಶೀಟಿನ ಕೆಲಸಕ್ಕೆಂದು ಬಂದ ಬಿಹಾರದ ಹುಡುಗ ಅದೇ ಅಂಗಡಿಯಲ್ಲಿ ‘ಕೀಲ್’ ಕೇಳಿದರೆ ಅಂಗಡಿಯವರು ಮೊಳೆಯ ಡಬ್ಬಕ್ಕೆ ಕೈ ಹಾಕಬೇಕು. ಹಿಂದಿಯಲ್ಲಿ ಕೀಲ್ ಎಂದರೆ ಮೊಳೆ. ನಮಗೆ ಕೀಲು ಎಂದರೆ ಮಂಡಿ, ಮೊಣಕೈ, ಬಾಗಿಲು ತಿರುಗುವ ಜಾಗ. ಎರಡೂ ಹೊರಟದ್ದು ಸಂಸ್ಕೃತದ ‘ಕೀಲ’ದಿಂದಲೇ. ಹಿಂದಿಯವರು ಹೊಡೆಯುವ ವಸ್ತುವನ್ನು ಇಟ್ಟುಕೊಂಡರು. ನಾವು ಅದನ್ನು ಹೊಡೆದ ಜಾಗವನ್ನು ಇಟ್ಟುಕೊಂಡೆವು.

ಸಂಸ್ಕೃತದ ಕೀಲ ಕಬ್ಬಿಣದ್ದೇ ಆಗಬೇಕಿರಲಿಲ್ಲ. ಗೂಟ, ಬೆಣೆ, ಮೊನೆ ಮಾಡಿದ ಮರದ ತುಂಡು ಎಲ್ಲವೂ ಕೀಲವೇ. ಪಂಚತಂತ್ರದ ಕೋತಿ ಎಲ್ಲರಿಗೂ ಗೊತ್ತು. ಊರಾಚೆ ದೇವಸ್ಥಾನ ಕಟ್ಟುತ್ತಿದ್ದಾರೆ. ಬಡಗಿಗಳು ದಿಮ್ಮಿಯನ್ನು ಅರ್ಧ ಸೀಳಿ, ಸೀಳು ಮುಚ್ಚಿಕೊಳ್ಳದಿರಲೆಂದು ಬೆಣೆ ಇಟ್ಟು ಊಟಕ್ಕೆ ಹೋಗಿದ್ದಾರೆ. ಕೋತಿ ಬಂದು ಬೆಣೆ ಕೀಳುತ್ತದೆ, ಸೀಳಿನಲ್ಲಿ ಸಿಕ್ಕಿ ಸಾಯುತ್ತದೆ. ಮೂಲದಲ್ಲಿ ಆ ಬೆಣೆಯ ಹೆಸರು ಕೀಲ. ತಮಾಷೆಯೆಂದರೆ ಈ ಕತೆಯಲ್ಲಿ ಕೀಲ ಏನನ್ನೂ ಕೂಡಿಸುತ್ತಿಲ್ಲ. ಕೂಡಿಕೊಳ್ಳಲು ಹವಣಿಸುವ ಎರಡು ಹೋಳುಗಳನ್ನು ದೂರ ನಿಲ್ಲಿಸಿದೆ.

ಬಡಗಿಯ ಚೀಲದಿಂದ ಈ ಪದ ದೇವರ ಕೋಣೆಗೂ ಹೋಯಿತು. ದುರ್ಗಾಸಪ್ತಶತಿ ಓದುವ ಮೊದಲು ಅರ್ಗಲಾ, ಕೀಲಕ, ಕವಚ ಎಂಬ ಮೂರು ಸ್ತೋತ್ರ ಹೇಳುತ್ತಾರೆ. ಅರ್ಗಲಾ ಎಂದರೆ ಕದದ ಹಿಂದೆ ಅಡ್ಡ ಹಾಕುವ ಮರ. ನಮ್ಮ ಹಳ್ಳಿಯ ಬಾಗಿಲ ‘ಅಗುಳಿ’ ಅದರದೇ ತದ್ಭವ. ಕೀಲಕ ಎಂದರೆ ಜಡಿದ ಗೂಟ. ಮೇಲುಕೋಟೆಯಲ್ಲಿ ದಿನವೂ ಕೇಳಿಬರುವ ವಿಷ್ಣುಸಹಸ್ರನಾಮದ ಪೂರ್ವಭಾಗದಲ್ಲೂ ಬೀಜ, ಶಕ್ತಿಗಳ ಜೊತೆ ಒಂದು ಕೀಲಕವಿದೆ. ಮಂತ್ರಕ್ಕೂ ಚಿಲಕ, ಗೂಟ ಬೇಕು ಎಂದು ಯೋಚಿಸಿದವನು ಎಲ್ಲೋ ಮನೆ ಕಟ್ಟಿಸಿ ನೋಡಿದವನೇ ಇರಬೇಕು. ಅರವತ್ತು ಸಂವತ್ಸರಗಳಲ್ಲಿ 42ನೆಯದು ಕೀಲಕ. 1968-69ರಲ್ಲಿ ಬಂದುಹೋಯಿತು, ಮತ್ತೆ ಬರುವುದು 2028ರ ಯುಗಾದಿಗೆ.

ಕನ್ನಡದಲ್ಲಿ ಈ ಪದ ಜಾಗ ಬದಲಿಸಿದ್ದು ಹೇಗೆಂದು ತಿಳಿಯಬೇಕಾದರೆ ಎತ್ತಿನ ಗಾಡಿಯ ಪಕ್ಕ ಕುಕ್ಕರುಗಾಲಲ್ಲಿ ಕೂರಬೇಕು. ಅಚ್ಚಿನ ತುದಿಯಲ್ಲಿ ಚಕ್ರ ಕಳಚದಂತೆ ತಡೆಯುವ ಕಬ್ಬಿಣದ ಗೂಟ ಕಡಾಣಿ. ಅದು ಕಡೆಯ ಆಣಿ. ಆಣಿ ಋಗ್ವೇದದಲ್ಲೇ ರಥದ ಅಚ್ಚಿನ ಜೊತೆ ಬರುವ ಪದ. ತಮಿಳರಿಗೆ ಇಂದಿಗೂ ಮೊಳೆ ಎಂದರೆ ಆಣಿ, ನಮ್ಮಲ್ಲಿ ಕಾಲಡಿಯಲ್ಲಿ ಏಳುವ ಗಟ್ಟಿ ಗಂಟಿಗೂ ಆಣಿ. ಹೀಗೆ ಗೂಟದ ಕೆಲಸವನ್ನು ಆಣಿ ಹಿಡಿದುಕೊಂಡಿತು. ಕಡಾಣಿಯ ಒಳಗೆ, ಅಚ್ಚೂ ಗುಂಬವೂ ಒಂದನ್ನೊಂದು ಉಜ್ಜುವ ಜಾಗಕ್ಕೆ ಹಾಕುವುದು ಕೀಲೆಣ್ಣೆ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಬಿದಿರ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ತೂಗುಹಾಕುತ್ತಿದ್ದರು. ಬೆರಳಿಗೆ ಅಂಟಿದರೆ ಸೀಗೆಪುಡಿಗೂ ಬಗ್ಗದ ಕರಿ. ಎಣ್ಣೆ ಬೇಕಾಗುವುದು ಗೂಟಕ್ಕಲ್ಲ, ಗೂಟ ಹಿಡಿದಿಟ್ಟ ಜಾಗಕ್ಕೆ. ‘ಕೀಲಿಗೆ ಎಣ್ಣೆ ಹಾಕು’ ಎನ್ನುತ್ತ ಎನ್ನುತ್ತ ಕೀಲು ಆ ಜಾಗದ ಹೆಸರಾಯಿತು ಎಂಬುದು ನನ್ನ ಊಹೆ. ತೆಲುಗಿನವರೂ ಸಂದಿಗೆ ಕೀಲು ಎನ್ನುತ್ತಾರೆ. ಊಹೆಗೆ ಅಷ್ಟು ಬಲವಿದೆ.

ಅಲ್ಲಿಂದ ಮುಂದೆ ಚಲನೆ ಇದ್ದಲ್ಲೆಲ್ಲ ಕೀಲು. ಕೀಲುಗೊಂಬೆ, ಕೀಲುಕುದುರೆ, ಗಡಿಯಾರಕ್ಕೆ ಕೊಡುವ ಕೀಲಿ. ಧಾರವಾಡದ ಕಡೆ ಕೀಲಿ ಎಂದರೆ ಬೀಗ. ಪಾಂಡವಪುರದ ಮನೆಯಾಕೆ ಹೇಳುವುದು ಬೀಗ, ಬೀಗದ ಕೈ. ಕಂಪ್ಯೂಟರ್ ಬಂದಾಗ ಬರೆಯುವ ಕನ್ನಡ ಆ ಕಡೆಯ ಪದವನ್ನೇ ಆರಿಸಿತು. ಕನ್ನಡ ಟೈಪಿಂಗಿಗೆ ಕೆ.ಪಿ. ರಾವ್ ಅವರು ಮಾಡಿದ ವಿನ್ಯಾಸವನ್ನು ನಾವು ಕರೆಯುವುದು ಕೀಲಿಮಣೆ ಎಂದೇ. ಇಂಗ್ಲಿಷಿನ ‘ಕೀ’ಗೂ ನಮ್ಮ ಕೀಲಿಗೂ ನಂಟಿಲ್ಲ, ಕಿವಿಗೆ ಹಾಗೆ ಕೇಳುತ್ತದೆ ಅಷ್ಟೆ. ಮಂಡ್ಯದ ಪಕ್ಕದ ಕೀಲಾರವೂ ಬೇರೆಯೇ. ಹಳಗನ್ನಡದಲ್ಲಿ ಕೀಲಾರ ದನಗಳ ಮಂದೆ.

ಇನ್ನು ಮನೆ. ಹಳೆಯ ತೊಟ್ಟಿಮನೆಯ ಬಾಗಿಲಿಗೆ ಕಬ್ಬಿಣದ ಕೀಲು ಇರಲಿಲ್ಲ. ಕದದ ಮೇಲೂ ಕೆಳಗೂ ಅದೇ ಹಲಗೆಯಿಂದ ಚಾಚಿದ ಗೂಟ; ಕೆಳಗಿನದು ಹೊಸಿಲ ಕುಳಿಯಲ್ಲಿ, ಮೇಲಿನದು ಚೌಕಟ್ಟಿನ ತೂತಿನಲ್ಲಿ ತಿರುಗುತ್ತಿತ್ತು. ಕಂಬ, ಅದರ ನೆತ್ತಿಯ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಕಚ್ಚು ಕೊರೆದು ಕೂರಿಸಿದ ಮೇಲೆ ಭಾರವೇ ಹಿಡಿದುಕೊಳ್ಳುತ್ತದೆ. ಮೊಳೆ ಬೇಕಾದದ್ದು ರೀಪು ಹೊಡೆಯಲು. ಈ ಮೊಳೆಯಂತೂ ಅಪ್ಪಟ ನಮ್ಮ ಪದ: ಬೀಜ ಮೊಳೆಯುವುದೂ ಅದೇ, ಮೊಳಕೆಯೂ ಅದೇ, ಅಚ್ಚುಕೂಟದಲ್ಲಿ ಒಂದೊಂದೇ ಆಯ್ದು ಜೋಡಿಸುತ್ತಿದ್ದ ಸೀಸದ ಅಕ್ಷರವೂ ಅದೇ. ಮೊಳೆಯ ತಲೆ ಮರದಿಂದ ಇಣುಕುವುದನ್ನು ಕಂಡು ಹಿರಿಯರಿಗೆ ಮೊಳಕೆ ನೆನಪಾಗಿರಬಹುದು.

ಮರಗೆಲಸದ ಇದೇ ಲೆಕ್ಕವನ್ನು ಕಲ್ಲಿಗೂ ತಂದರು. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ ಮುಗಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯನ್ನು ನೋಡಿ: ಹೊಳೆಯಲ್ಲಿ ನಿಂತ ಕಲ್ಲಿನ ಕಂಬ, ಕಲ್ಲಿನ ಬೋದಿಗೆ, ಕಲ್ಲಿನ ತೊಲೆ. ಬಡಗಿ ಮಾಡುವುದನ್ನೇ ಕಲ್ಲುಕುಟಿಗ ಮಾಡಿದ್ದಾನೆ. ಕೆ.ಆರ್. ಪೇಟೆ ತಾಲೂಕಿನ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯಲ್ಲಿ ಕಡೆದ ಕಂಬಗಳನ್ನು ಎಲ್ಲರೂ ಮೆಚ್ಚುತ್ತಾರೆ. ನಾನು ಮಾತ್ರ ಕಂಬಕ್ಕೂ ಬೋದಿಗೆಗೂ ನಡುವಿನ ಆ ತೆಳು ಗೆರೆಯನ್ನು ನೋಡುತ್ತ ನಿಲ್ಲುತ್ತೇನೆ. ಹೊರಗೆ ಕೂದಲೆಳೆಯಷ್ಟು ಸಂದು. ಒಳಗಿನ ಕೆಲಸ ಕಾಣುವುದಿಲ್ಲ.

ಅದು ಕಾಣಬೇಕಾದರೆ ಗುಡಿಯನ್ನು ಬಿಚ್ಚಬೇಕು, ಇದೇ ಸೀಮೆಯಲ್ಲಿ ಒಂದನ್ನು ಬಿಚ್ಚಿಯೂ ಇದ್ದಾರೆ. 1911ರಲ್ಲಿ ಕೆಲಸ ಆರಂಭವಾದ ಕನ್ನಂಬಾಡಿ ಕಟ್ಟೆಯ ನೀರು ನಿಂತಾಗ ಹಳೆಯ ಕನ್ನಂಬಾಡಿ ಮುಳುಗಿತು, ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಸ್ಥಾನವೂ ಮುಳುಗಿತು. ಬರಗಾಲದಲ್ಲಿ ನೀರಿಳಿದಾಗ ಮೇಲೇಳುತ್ತಿತ್ತು, ಮಳೆ ಬಂದರೆ ಮತ್ತೆ ಒಳಗೆ. ಈ ಶತಮಾನದ ಮೊದಲ ವರ್ಷಗಳಲ್ಲಿ ಖೋಡೆ ಪ್ರತಿಷ್ಠಾನದವರು ಅದರ ಕಲ್ಲುಕಲ್ಲಿಗೂ ಗುರುತು ಹಾಕಿ, ಬಿಚ್ಚಿ, ಹಿನ್ನೀರಿನ ದಡದ ಹೊಸ ಕನ್ನಂಬಾಡಿಗೆ ಸಾಗಿಸಿ ಮತ್ತೆ ಜೋಡಿಸಿದರು. ಕಲ್ಲಿಗೆ ಕಲ್ಲು ಕಚ್ಚಿಸಿ ಕಟ್ಟಿದ ಗುಡಿಯಾದ್ದರಿಂದ ಬಿಚ್ಚಲು ಬಂತು. ದಶಕಗಟ್ಟಲೆ ನೀರೊಳಗಿದ್ದ ಕಲ್ಲು ಇನ್ನೊಂದು ಕಲ್ಲಿನ ಕಚ್ಚಿಗೆ ಮತ್ತೆ ಹೋಗಿ ಕೂತಿತು.

ಇದಕ್ಕೆ ಎದುರಾದ ಸಂಗತಿಯೂ ಇಲ್ಲೇ ನಡೆಯಿತು. ಬೆಂಗಳೂರು-ಮೈಸೂರು ರೈಲು ಜೋಡಿಮಾರ್ಗಕ್ಕೆ ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆ ಅಡ್ಡವಾಯಿತು. 2017ರಲ್ಲಿ ಸುಮಾರು 1000 ಟನ್ ತೂಕದ ಆ ಕಟ್ಟಡವನ್ನು ಇಟ್ಟಿಗೆ ಕದಲಿಸದೆ, ಕೆಳಗೆ ಉಕ್ಕಿನ ತೊಲೆಗಳನ್ನು ತೂರಿಸಿ, ಜ್ಯಾಕಿನ ಮೇಲೆ ಎತ್ತಿ, 100 ಮೀಟರಿಗೂ ಹೆಚ್ಚು ದೂರ ಸರಿಸಿದರು. ಇಟ್ಟಿಗೆ ಮತ್ತು ಗಾರೆಯ ಕಟ್ಟಡಕ್ಕೆ ಬಿಚ್ಚುವ ಜಾಗ ಎಲ್ಲಿದೆ? ಗಾರೆ ಹಿಡಿದ ಮೇಲೆ ಎಲ್ಲವೂ ಒಂದೇ ಮುದ್ದೆ. ಕೀಲಿದ್ದ ಗುಡಿಯನ್ನು ಕಳಚಿ ತಂದರು, ಕೀಲಿಲ್ಲದ ಮದ್ದಿನಮನೆಯನ್ನು ಹೊತ್ತು ತಂದರು. ಸುರ್ಕಿಗಾರೆಯಲ್ಲಿ ಕಟ್ಟಿದ 8600 ಅಡಿ ಉದ್ದದ ಕನ್ನಂಬಾಡಿ ಕಟ್ಟೆಯೂ ಈ ಎರಡನೆಯ ಜಾತಿಯದೇ. ಅದರಲ್ಲಿ ಕೀಲಿರುವುದು ಗೇಟುಗಳಲ್ಲಿ ಮಾತ್ರ.

ಕಬ್ಬಿಣ ಕಟ್ಟಡದ ಮೂಳೆಯಾದ ಮೇಲೆ ಕೂಡಿಸುವ ವಿದ್ಯೆಯೇ ಬದಲಾಯಿತು. 1882ರ ಹೊತ್ತಿಗೆ ಮೈಸೂರು ಮುಟ್ಟಿದ ರೈಲಿನ ಹಳಿಗಳನ್ನು ಕೂಡಿಸುತ್ತಿದ್ದದ್ದು ಫಿಶ್ ಪ್ಲೇಟು: ಹಳಿಯ ಎರಡೂ ಬದಿಗೆ ಒಂದೊಂದು ಪಟ್ಟಿ, ಅಡ್ಡ ಬೋಲ್ಟುಗಳು. ಬೋಲ್ಟಿಗಿಂತ ಅದರ ತೂತು ತುಸು ದೊಡ್ಡದು, ಹಳಿಗಳ ನಡುವೆ ತುಸು ಸಂದು. ಬಿಸಿಲಿಗೆ ಹಳಿ ಬೆಳೆಯುತ್ತದೆ. ಜಾಗ ಬಿಡದೆ ಬಿಗಿದರೆ ಸೊಟ್ಟಗಾಗುತ್ತದೆ. ಚಕ್ರದ ಹಳೆಯ ಟಕಟಕ ಆ ಸಂದಿನದು, ಈಗ ಉದ್ದುದ್ದಕ್ಕೆ ಬೆಸೆದ ಹಳಿಗಳಲ್ಲಿ ಅದು ಅಡಗಿದೆ. ಉಕ್ಕಿನ ಸೇತುವೆಗೂ ಅದೇ ನ್ಯಾಯ: ಒಂದು ತುದಿ ಕಟ್ಟಿಹಾಕಿ, ಇನ್ನೊಂದನ್ನು ಉರುಳೆಯ ಮೇಲೆ ಸಡಿಲ ಬಿಡುತ್ತಾರೆ. ಹಿಡಿಯಬೇಕು, ಜೊತೆಗೆ ಅಲ್ಲಾಡಲೂ ಬಿಡಬೇಕು. ಕನ್ನಡದ ಕೀಲು ಗಾಡಿಯ ಅಚ್ಚಿನಲ್ಲಿ ಕಲಿತದ್ದು ಇದನ್ನೇ. ಆದರೂ ಫಿಶ್ ಪ್ಲೇಟಿಗೆ, ಗಸೆಟ್ ಪ್ಲೇಟಿಗೆ, ಆ್ಯಂಕರ್ ಬೋಲ್ಟಿಗೆ ಕೀಲು ಎಂಬ ಹೆಸರು ಬರಲಿಲ್ಲ. ಬಂದ ವಸ್ತು ಹೆಸರನ್ನೂ ಹೊತ್ತೇ ಬಂದಿತ್ತು. ಅಷ್ಟರಲ್ಲಿ ಕೀಲು ಡಾಕ್ಟರ ಕೋಣೆ ಸೇರಿಕೊಂಡಿತ್ತು. ಇದಕ್ಕಾಗಿ ಕೊರಗುವವನು ನಾನಲ್ಲ. ಬೋಲ್ಟಿಗೆ ‘ತಿರುಪುಕೀಲ’ ಎಂದು ಹೊಸೆದರೆ ಗಾರೆ ಕೆಲಸದವರು ನಗುತ್ತಾರೆ, ನಗಬೇಕಾದದ್ದೇ.

ನಾಗಮಂಗಲದ ಎರಕದ ಕೆಲಸದವರ ಹತ್ತಿರ ಹಳೆಯ ಅರ್ಥ ಇನ್ನೂ ಕೈಯಲ್ಲಿ ಹಿಡಿದು ನೋಡಲು ಸಿಗುತ್ತದೆ. ಉತ್ಸವಮೂರ್ತಿ ಒಂದು, ಪೀಠ ಒಂದು, ಪ್ರಭಾವಳಿ ಇನ್ನೊಂದು. ಎಲ್ಲವೂ ಬೇರೆಬೇರೆ ಎರಕ. ಪ್ರಭಾವಳಿಯ ಕಾಲುಗಳನ್ನು ಪೀಠದ ತೂತುಗಳಿಗೆ ಇಳಿಸಿ, ಅಡ್ಡ ಒಂದು ಸಣ್ಣ ಗೂಟ ತೂರಿಸಿದರೆ ದೇವರು ಹೆಗಲ ಮೇಲೆ ಕುಲುಕುತ್ತ ಬೀದಿ ಸುತ್ತಿ ಬರಬಹುದು. ಉತ್ಸವ ಮುಗಿದ ಮೇಲೆ ಗೂಟ ಎಳೆದು ಎಲ್ಲವನ್ನೂ ಬಿಡಿಸಿ ಒಳಗಿಡುತ್ತಾರೆ. ಬೆಸೆದುಬಿಟ್ಟರೆ ಆ ಅನುಕೂಲವಿಲ್ಲ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಚೈನ್ ತುಂಡಾಗಿ ಕೊಚ್ಚಿಹೋದಾಗ ಕನ್ನಂಬಾಡಿ ಸೀಮೆಯಲ್ಲೂ ಗೇಟಿನದೇ ಮಾತು. ಸುದ್ದಿಯಲ್ಲಿ ಕ್ರಸ್ಟ್ ಗೇಟು, ಚೈನ್ ಲಿಂಕು, ಸ್ಟಾಪ್ ಲಾಗು. ಹೋಟೆಲಿನ ಬೆಂಚಿನ ಮೇಲೆ ಅದೇ ಸುದ್ದಿ ‘ಕೊಂಡಿ ಕಳಚ್ಕೊಂಡ್‌ಬುಡ್ತಂತೆ ಕನಪ್ಪ’ ಎಂದಾಯಿತು. ಕೂಡಿಸುವ ಸಾಮಾನಿನ ಹೆಸರೆಲ್ಲ ಇಂಗ್ಲಿಷಿನದಾದರೂ ಕಳಚುವುದು, ಸಡಿಲುವುದು, ಕೀಲು ತಪ್ಪುವುದು ಇನ್ನೂ ಕನ್ನಡದಲ್ಲೇ ಇವೆ. ಆಲೆಮನೆಗೆ ಶೀಟು ಹೊದಿಸುವ ಮೇಸ್ತ್ರಿಯೂ ಜೆ-ಬೋಲ್ಟು ತಿರುಗಿಸುವ ಹುಡುಗನಿಗೆ ಕೂಗಿ ಹೇಳುವುದು ಇಷ್ಟೇ: ‘ಜಾಸ್ತಿ ಬಿಗೀಬ್ಯಾಡ ಕಣ್ಲಾ, ಶೀಟು ಸೀಳ್ಕತದೆ. ವಸಿ ಆಟ ಬುಡು.’