ತಾತನ ಕೋವಿ ಯಾಕೆ ಸಿಕ್ಕಿಕೊಳ್ಳುತ್ತದೆ? ಒಂದು ಬಳೆಯ ಕಥೆ

ಟಿ. ದಾಸರಹಳ್ಳಿಯಲ್ಲಿ ಬಾಡಿಗೆಗಿರುವ ನಮ್ಮಂಥವರಿಗೆ ಊರಿನಿಂದ ತರಕಾರಿ, ಅಕ್ಕಿ ಮಾತ್ರ ಬರುವುದಿಲ್ಲ. ಕೆಟ್ಟ ಸಾಮಾನೂ ಬರುತ್ತದೆ. ಪಂಪಿನ ಶಾಫ್ಟು, ಟಿಲ್ಲರಿನ ಗೇರು, ಸವೆದ ಬುಷ್ಷು. ಪಕ್ಕದಲ್ಲೇ ಪೀಣ್ಯ ಇದೆ, ಲೇತ್ ಇದೆ, ಮಾಡಿಸಿ ಕಳಿಸು ಅಂತ ಊರವರ ನಂಬಿಕೆ.

ನಮ್ಮ ವಠಾರದಲ್ಲಿ ಮಲೆನಾಡಿನ ಒಬ್ಬ ಟರ್ನರ್ ಅಣ್ಣ ಇದ್ದಾನೆ. ಒಂದು ದಿನ ಅವನ ಸೋದರಮಾವನ ಫೋನು. "ನಿನ್ನ ತಾತನ ಆಟೋಮ್ಯಾಟಿಕ್ ಕೋವಿ ಒಂದು ಈಡು ಹೊಡೆದ ಮೇಲೆ ಸಿಕ್ಕಿಕೊಳ್ತದೆ ಕಣೋ. ಖಾಲಿ ತೋಟಾ ಆಚೆ ಬೀಳೋದಿಲ್ಲ. ಒಂದು ಗಟ್ಟಿ ಸ್ಪ್ರಿಂಗ್ ಮಾಡಿಸಿ ಕಳಿಸು."

ಅಣ್ಣ ಒಂದೇ ಮಾತು ಹೇಳಿದ: "ಅದೊಂದು ಆಗಲ್ಲ ಮಾವ."

ಯಾಕೆ ಆಗಲ್ಲ ಅನ್ನುವುದಕ್ಕೆ ಎರಡು ಕಾರಣ ಇವೆ. ಒಂದು ಕಾನೂನಿನದು. ಇನ್ನೊಂದಕ್ಕೆ 100 ವರ್ಷಕ್ಕೂ ಹಿಂದೆ ಹೋಗಬೇಕು.

ನಮ್ಮ ಹಳ್ಳಿಗಳಲ್ಲಿ ಹೆಚ್ಚಾಗಿ ಕಂಡದ್ದು ಕೇಪಿನ ಕೋವಿ ಮತ್ತು ಜೋಡುನಳಿಗೆ ಕೋವಿ. ಕೇಪಿನ ಕೋವಿಗೆ ಬಾಯಿಯಿಂದ ಮದ್ದು, ಚರೆ ಹಾಕಿ ಗಜದಿಂದ ತುಂಬಬೇಕು. ಜೋಡುನಳಿಗೆಯನ್ನು ಮುರಿದು ಕೈಯಾರೆ ತೋಟಾ ಇಡಬೇಕು. ಎಲ್ಲ ಕೆಲಸವೂ ಮನುಷ್ಯನದೇ. ಹಾಗಾಗಿ ಅವು ಸಿಕ್ಕಿಕೊಳ್ಳುವುದೂ ಕಡಿಮೆ.

ಕೋವಿ ಹೊಡೆದವರಿಗೆ ಗೊತ್ತು, ಅದು ಭುಜಕ್ಕೆ ಒದೆಯುತ್ತದೆ. ಆ ಒದೆತವನ್ನೇ ದುಡಿಸಿಕೊಂಡರೆ ಹೇಗೆ ಅಂತ ಯೋಚಿಸಿದವನು ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್. 1855ರಲ್ಲಿ ಹುಟ್ಟಿದವನು, ಕೋವಿ ಮಾಡುವವನ ಮಗ. ಅವನ ಈ ಕೋವಿಗೆ 1900ರಲ್ಲಿ ಪೇಟೆಂಟ್ ಸಿಕ್ಕಿತು.

ಅದು ಕೆಲಸ ಮಾಡುವ ರೀತಿ ಹೀಗೆ. ಈಡು ಹಾರಿದ ಕೂಡಲೇ ನಳಿಗೆ ಮತ್ತು ಅದರ ಹಿಂದಿನ ಬೋಲ್ಟು ಒಂದಕ್ಕೊಂದು ಕಚ್ಚಿಕೊಂಡೇ ಹಿಂದಕ್ಕೆ ಸರಿಯುತ್ತವೆ. ಕೊನೆ ಮುಟ್ಟಿದ ಮೇಲೆ ಬೋಲ್ಟು ಅಲ್ಲೇ ನಿಲ್ಲುತ್ತದೆ, ನಳಿಗೆ ಮಾತ್ರ ಸ್ಪ್ರಿಂಗಿನ ಬಲದಿಂದ ಮುಂದೆ ಹೋಗುತ್ತದೆ. ಆಗ ಖಾಲಿ ತೋಟಾ ಆಚೆ ಹಾರುತ್ತದೆ. ಕೆಳಗಿನ ಮ್ಯಾಗಜಿನ್ ಕೊಳವೆಯಿಂದ ಹೊಸ ತೋಟಾ ಮೇಲೇಳುತ್ತದೆ, ಬೋಲ್ಟು ಅದನ್ನು ನಳಿಗೆಗೆ ತಳ್ಳಿ ಮುಚ್ಚಿಕೊಳ್ಳುತ್ತದೆ. ಇಷ್ಟೂ ಆಗುವುದು ಕಣ್ಣು ಮಿಟುಕಿಸುವಷ್ಟರಲ್ಲಿ.

ಬ್ರೌನಿಂಗ್ ಇದನ್ನು ಮೊದಲು ವಿಂಚೆಸ್ಟರ್ ಕಂಪನಿಗೆ ತೋರಿಸಿದ. ಈ ಸಲ ಒಟ್ಟು ಹಣ ಬೇಡ, ಮಾರಿದ ಪ್ರತಿ ಕೋವಿಗೂ ರಾಯಧನ ಬೇಕು ಅಂದ. ಅವರು ಒಪ್ಪಲಿಲ್ಲ. 1902ರ ಜನವರಿಯಲ್ಲಿ ರೆಮಿಂಗ್ಟನ್ ಕಂಪನಿಗೆ ಹೋದ. ಅದರ ಅಧ್ಯಕ್ಷರು ಆಗಲೇ ಹೃದಯಾಘಾತದಿಂದ ತೀರಿಕೊಂಡರು. ಕೊನೆಗೆ ಹಡಗು ಹತ್ತಿ ಬೆಲ್ಜಿಯಂಗೆ ಹೋಗಿ ಎಫ್.ಎನ್. ಕಂಪನಿಗೆ ಕೊಟ್ಟ. ‘ಆಟೋ-5’ ಅಂತ ಹೆಸರಾದ ಆ ಕೋವಿಯನ್ನು 1990ರ ದಶಕದ ಕೊನೆಯವರೆಗೂ ಮಾಡುತ್ತಿದ್ದರು. ರೆಮಿಂಗ್ಟನ್ ಕೂಡ 1905ರಿಂದ ಅದನ್ನೇ ತನ್ನ ಹೆಸರಲ್ಲಿ ಮಾಡಿತು.

ಈಗ ಬಳೆಯ ವಿಷಯ. ಎಲ್ಲ ತೋಟಾಗಳ ಒದೆತವೂ ಒಂದೇ ಸಮ ಇರುವುದಿಲ್ಲ. ಭಾರದ ತೋಟಾ ಜೋರಾಗಿ ಒದೆಯುತ್ತದೆ, ಹಗುರದ್ದು ಮೆಲ್ಲಗೆ. ಹಾಗಾಗಿ ಬ್ರೌನಿಂಗ್ ಮ್ಯಾಗಜಿನ್ ಕೊಳವೆಯ ಮೇಲೆ ಸ್ಪ್ರಿಂಗಿನ ಜೊತೆ ಒಂದು ಕಂಚಿನ ತುಂಡು, ಒಂದು ಉಕ್ಕಿನ ಬಳೆ ಇಟ್ಟ. ಇವು ಸೈಕಲ್ಲಿನ ಬ್ರೇಕಿನಂತೆ. ಭಾರದ ತೋಟಾ ಹಾಕುವಾಗ ಬಳೆಯನ್ನು ಸ್ಪ್ರಿಂಗಿನ ಮುಂದೆ, ಕಂಚಿಗೆ ತಾಗಿಸಿ ಇಡಬೇಕು. ಆಗ ಬ್ರೇಕು ಬಿಗಿ. ಹಗುರದ ತೋಟಾ ಆದರೆ ಬಳೆಯನ್ನು ಸ್ಪ್ರಿಂಗಿನ ಹಿಂದಕ್ಕೆ ಹಾಕಬೇಕು. ಆಗ ಬ್ರೇಕು ಸಡಿಲ.

ಬಿಗಿ ಬ್ರೇಕಿನಲ್ಲಿ ಹಗುರ ತೋಟಾ ಹೊಡೆದರೆ ನಳಿಗೆ ಪೂರ್ತಿ ಹಿಂದೆ ಬರುವುದಿಲ್ಲ, ಖಾಲಿ ತೋಟಾ ಒಳಗೇ ಉಳಿಯುತ್ತದೆ. ಮಾವ ಹೇಳಿದ್ದು ಇದೇ ಲಕ್ಷಣ. ಅದಕ್ಕೆ ಇನ್ನೂ ಗಟ್ಟಿ ಸ್ಪ್ರಿಂಗು ಹಾಕಿದ್ದರೆ ತೊಂದರೆ ಹೆಚ್ಚಾಗುತ್ತಿತ್ತು! ಸಡಿಲ ಬ್ರೇಕಿನಲ್ಲಿ ಭಾರದ ತೋಟಾ ಹೊಡೆದರೆ ನಳಿಗೆ ಹಿಂದಕ್ಕೆ ಬಡಿದು ಮರದ ಹಿಡಿ ಸೀಳುತ್ತದೆ.

ಎಣ್ಣೆಯೂ ಲೆಕ್ಕಕ್ಕೆ ಬರುತ್ತದೆ. ಕೊಳವೆ ಒಣಗಿದ್ದರೆ ಬ್ರೇಕು ಹೆಚ್ಚು ಹಿಡಿಯುತ್ತದೆ, ಎಣ್ಣೆ ಸುರಿದರೆ ಜಾರುತ್ತದೆ. ಕೊಬ್ಬರಿ ಎಣ್ಣೆಯಂತೂ ಚಳಿಗೆ ಹೆಪ್ಪುಗಟ್ಟುತ್ತದೆ, ಬಾಟಲಿಯಲ್ಲಿ ನೀವೇ ನೋಡಿರುತ್ತೀರಿ. ಚುನಾವಣೆ ಬಂದಾಗ ಠಾಣೆಯಲ್ಲಿಟ್ಟ ಕೋವಿ ವಾಪಸ್ ಬಂದಾಗಲೂ ಹಳೆ ಎಣ್ಣೆ ಅಂಟಾಗಿರಬಹುದು.

ಮೂರನೆಯದು ಉದ್ದ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಯುರೋಪಿನ ಅನೇಕ ಕೋವಿಗಳಲ್ಲಿ ತೋಟಾ ಕೂರುವ ಜಾಗ 65 ಮಿ.ಮೀ. ಈಗಿನ ಸಾಮಾನ್ಯ ತೋಟಾ 70 ಮಿ.ಮೀ. ತೋಟಾದ ಉದ್ದ ಅಳೆಯುವುದು ಬಾಯಿ ಬಿಚ್ಚಿದ ಮೇಲೆ. ಹಾಗಾಗಿ ಹೊಸ ತೋಟಾ ಒಳಗೆ ಹೋಗುತ್ತದೆ, ಸರಿಯಾಗಿದೆ ಅನ್ನಿಸುತ್ತದೆ. ಹಾರಿದ ಮೇಲೆ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ, ಆಚೆ ಬರುವಾಗಲೂ ಸಿಕ್ಕಿಕೊಳ್ಳುತ್ತದೆ. ನಿಮ್ಮ ಕೋವಿಯ ಅಳತೆ ಎಷ್ಟು ಅಂತ ತಿಳಿಯದೆ ತೋಟಾ ಕೊಳ್ಳಬೇಡಿ.

ಸಿಕ್ಕಿಕೊಂಡದ್ದನ್ನು ಬಲವಂತ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೂ ಇತಿಹಾಸದಲ್ಲಿ ಪಾಠ ಇದೆ. ಬ್ರೌನಿಂಗ್‌ನನ್ನು ಕಳೆದುಕೊಂಡ ವಿಂಚೆಸ್ಟರ್ 1911ರಲ್ಲಿ ತನ್ನದೇ ಕೋವಿ ತಂದಿತು. ಬೋಲ್ಟಿಗೆ ಹಿಡಿಕೆ ಇಡಲು ಬ್ರೌನಿಂಗ್‌ನ ಪೇಟೆಂಟ್ ಅಡ್ಡ ಬಂತು. ಅದಕ್ಕೆ ನಳಿಗೆಯನ್ನೇ ಕೈಯಲ್ಲಿ ಹಿಡಿದು ಹಿಂದಕ್ಕೆ ತಳ್ಳುವಂತೆ ಮಾಡಿದರು. ಆಗಿನ ತೋಟಾ ಕಾಗದದ್ದು, ತೇವಕ್ಕೆ ಉಬ್ಬಿ ಒಳಗೇ ಕಚ್ಚಿಕೊಳ್ಳುತ್ತಿತ್ತು. ಜನ ಕೋವಿಯ ಹಿಡಿಯನ್ನು ನೆಲಕ್ಕೆ ಊರಿ, ನಳಿಗೆಯ ಬಾಯಿ ತಮ್ಮ ಕಡೆಗಿದ್ದರೂ ಲೆಕ್ಕಿಸದೆ ಕೆಳಕ್ಕೆ ಒತ್ತಿದರು. ತೋಟಾ ಹಾರಿತೆಂದರೆ ಮುಗಿಯಿತು. ‘ವಿಧವೆಯರನ್ನು ಮಾಡುವ ಕೋವಿ’ ಎಂಬ ಅಡ್ಡಹೆಸರು ಅದಕ್ಕೆ ಅಂಟಿತು. 1925ಕ್ಕೆ ಅದರ ತಯಾರಿಕೆ ನಿಂತಿತು.

ಇನ್ನು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಕೋವಿ ರಿಪೇರಿ ಮಾಡುವವರಿಗೇ ಬೇರೆ ಲೈಸೆನ್ಸ್ ಬೇಕು. ನಿಮ್ಮ ಹತ್ತಿರ ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಇದ್ದರೆ ಸಾಲದು. 2019ರ ತಿದ್ದುಪಡಿ ಆದ ಮೇಲೆ ಈ ತಪ್ಪಿಗೆ ಕನಿಷ್ಠ 7 ವರ್ಷ ಜೈಲು. ಊರಿನ ನೆಂಟಸ್ತಿಕೆಗೆ ಒಂದು ಚೂರು ಲೇತಿನಲ್ಲಿ ಮಾಡಿಕೊಟ್ಟ ಹುಡುಗನ ಬದುಕೇ ಹಾಳಾಗಬಹುದು. ಅಣ್ಣ ಆಗಲ್ಲ ಅಂದದ್ದು ಸೊಕ್ಕಿನಿಂದಲ್ಲ.

ಮಾವ ಎರಡು ದಿನ ಮುನಿಸಿಕೊಂಡರು. ಆಮೇಲೆ ಲೈಸೆನ್ಸ್ ಇರುವ ಅಂಗಡಿಗೆ ಕೋವಿ ಒಯ್ದರು. ಸ್ಪ್ರಿಂಗು ಚೆನ್ನಾಗಿಯೇ ಇತ್ತು. ತಾತ ಭಾರದ ತೋಟಾಕ್ಕೆ ಅಂತ ಇಟ್ಟಿದ್ದ ಬಳೆ ಅಲ್ಲೇ ಕೂತಿತ್ತು, ಮಾವ ಹಾಕುತ್ತಿದ್ದದ್ದು ಹಗುರದ ತೋಟಾ. ಬಳೆಯ ಜಾಗ ಬದಲಾಯಿತು, ಕೊಳವೆ ಒರೆಸಿದ್ದಾಯಿತು.

ನಿಮ್ಮ ಮನೆಯಲ್ಲೂ ಇಂಥ ಹಳೆ ಕೋವಿ ಸಿಕ್ಕಿಕೊಂಡರೆ ಬಾಯಿಯನ್ನು ಜನ, ದನ ಇಲ್ಲದ ಕಡೆಗೆ ತಿರುಗಿಸಿ, ಕುದುರೆಯಿಂದ ಬೆರಳು ತೆಗೆಯಿರಿ. ನೆಲಕ್ಕೆ ಊರಿ ಒತ್ತಬೇಡಿ. ಗೊತ್ತಿರುವವರ ಅಂಗಡಿಗೆ ತೋರಿಸಿ, ಯಾವ ತೋಟಾ ಹಾಕುತ್ತಿದ್ದೀರಿ ಅನ್ನುವುದನ್ನೂ ಹೇಳಿ. ಪೀಣ್ಯದ ಹುಡುಗರಿಗೆ ಪಂಪಿನ ಶಾಫ್ಟು ಕಳಿಸಿ, ಅದನ್ನು ಖುಷಿಯಿಂದ ಮಾಡಿಕೊಡುತ್ತಾರೆ.